ಹೊಡೆದದ್ದು ನಾನಲ್ಲ

ಆ ಸಂಜೆ ಟಿವಿಯ ಮೂಲೆಯಲ್ಲಿ ಬಂಗಾರದ ಬಣ್ಣದ ಅಕ್ಷರ ಮೂಡಿದಾಗ ನಾನು ಜೋರಾಗಿ ನಕ್ಕಿದ್ದೆ. ಆ ನಗುವನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ನನ್ನ ಮನೆಯವರ ಮೇಲೆ ಅಷ್ಟು ಸಿಟ್ಟು ಅದಕ್ಕೂ ಮೊದಲು ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಅವರು ಮಾಡಿದ್ದು ಪ್ರೀತಿಯಿಂದ ಅಂತ ಎಲ್ಲರೂ ಹೇಳುತ್ತಾರೆ. ಕೆಟ್ಟದ್ದು ಮಾಡಿದವರನ್ನು ಬೈದು ಹಗುರಾಗಬಹುದು. ಕನಿಕರ ತೋರಿಸಿದವರನ್ನು ಬೈದರೆ ನೋಡಿದವರೆಲ್ಲ ನಮಗೇ ಬುದ್ಧಿ ಹೇಳಲು ಬರುತ್ತಾರೆ.

ನಾವು ಇರುವುದು ರಾಣೆಬೆನ್ನೂರಿನಲ್ಲಿ. ಮನೆಯಲ್ಲಿ ನಾನು, ನನ್ನ ಗಂಡ, ಅತ್ತೆ. ಗಂಡ ಬೀಜದ ಕಂಪನಿಯಲ್ಲಿದ್ದಾರೆ. ದಿನವಿಡೀ ರೈತರ ಹೊಲಗಳಿಗೆ ಹೋಗಿ ಬೀಜಕ್ಕೆಂದು ಬೆಳೆಸುವ ಪ್ಲಾಟುಗಳನ್ನು ನೋಡಿ ಬರುವ ಕೆಲಸ. ನಾನು ದಿನಾ ಹಾವೇರಿಗೆ ಹೋಗಿ ಬರುತ್ತೇನೆ. ಅಲ್ಲಿ ಕೋರ್ಟಿನ ಎದುರು ನನ್ನದೊಂದು ಟೈಪಿಂಗ್ ಅಂಗಡಿ ಇದೆ. ವಕೀಲರು ಪಕ್ಕದಲ್ಲಿ ಕುಳಿತು ಹೇಳುತ್ತಾ ಹೋಗುತ್ತಾರೆ, ನಾನು ಕಂಪ್ಯೂಟರಿನಲ್ಲಿ ಬಡಿಯುತ್ತಾ ಹೋಗುತ್ತೇನೆ. ಹೇಳುವವರ ಬಾಯಿಗಿಂತ ನನ್ನ ಬೆರಳು ಮುಂದೆ ಓಡುತ್ತದೆ ಅನ್ನುವ ಹೆಸರು ಆ ಸಾಲಿನಲ್ಲಿ ನನಗಿತ್ತು. ಅದರ ಬಗ್ಗೆ ಸ್ವಲ್ಪ ಗರ್ವವೂ ಇತ್ತು, ಇಲ್ಲ ಅನ್ನುವುದಿಲ್ಲ.

ಸಂಜೆ ಮನೆಗೆ ಬಂದು, ಮುಖ ತೊಳೆದು ಚಹಾ ಕುಡಿದು, ಅತ್ತೆಯ ಧಾರಾವಾಹಿಗಳು ಶುರುವಾಗುವ ತನಕ ಟಿವಿ ನನ್ನದು. ಆ ಹೊತ್ತಿನಲ್ಲಿ ನಾನು ವಿಡಿಯೋ ಗೇಮ್ ಆಡುತ್ತೇನೆ. ಇದನ್ನು ಹೇಳಿದರೆ ಜನ ಮೊದಲು ನಗುತ್ತಾರೆ, ಆಮೇಲೆ ನನ್ನ ವಯಸ್ಸು ಕೇಳುತ್ತಾರೆ. ಗಂಡಸರು ಕಟ್ಟೆಯ ಮೇಲೆ ಕುಳಿತು ಇಸ್ಪೀಟು ಆಡಿದರೆ ಯಾರೂ ವಯಸ್ಸು ಕೇಳುವುದಿಲ್ಲ.

ಈ ಚಟ ಹತ್ತಿಸಿದವನು ನನ್ನ ತಮ್ಮ. ನಮ್ಮ ತವರು ಬ್ಯಾಡಗಿ. ಅವನೀಗ ಅಲ್ಲಿ ಅಪ್ಪನ ಮೆಣಸಿನಕಾಯಿ ವ್ಯಾಪಾರ ನೋಡಿಕೊಂಡಿದ್ದಾನೆ. ಕಾಲೇಜಿನಲ್ಲಿದ್ದಾಗ ಗೆಳೆಯನಿಂದ ಹಳೆಯ ಗೇಮ್ ಮಶೀನೊಂದನ್ನು ತಂದಿದ್ದ. ಅದರಲ್ಲೊಂದು ಆಟದ ನಾಯಕಿ ಹೆಂಗಸು. ಕೈಯಲ್ಲಿ ತನಗಿಂತ ಉದ್ದದ ಈಟಿ, ಸೊಂಟಕ್ಕೆ ಸುತ್ತಿದ ಸರಪಳಿ. ಪಾಳುಬಿದ್ದ ಕೋಟೆಯೊಳಗೆ ನುಗ್ಗುತ್ತಾಳೆ, ಎದುರು ಬಂದ ರಾಕ್ಷಸರನ್ನು ಹೊಡೆದು ಮುಂದೆ ಹೋಗುತ್ತಾಳೆ. ಕಥೆ ಇಷ್ಟೇ. ಕಥೆಗಾಗಿ ಯಾರೂ ಅದನ್ನು ಆಡುವುದಿಲ್ಲ. ತಮ್ಮ ಆಡುವಾಗ ಹಿಂದೆ ಕುಳಿತು ನೋಡುತ್ತಿದ್ದೆ. ಅವನು ಜಿಗಿದು ಚುಚ್ಚುತ್ತಿದ್ದ, ಜಿಗಿದು ಚುಚ್ಚುತ್ತಿದ್ದ, ಮತ್ತೆ ಜಿಗಿದು ಚುಚ್ಚುತ್ತಿದ್ದ. ರಾಕ್ಷಸರು ಸಾಯುತ್ತಿದ್ದರು. ಆದರೆ ಪರದೆಯ ಮೂಲೆಯಲ್ಲಿ ಡಿ ಅನ್ನುವ ಅಕ್ಷರ ಬೂದಿ ಬಣ್ಣದಲ್ಲಿ ನಿಂತೇ ಇರುತ್ತಿತ್ತು.

"ಅದೇನದು ಅಕ್ಷರ" ಅಂದೆ.

"ಅದೇನ ಇಲ್ಲಕ್ಕ. ಹೆಂಗ ಹೊಡದಿ ಅಂತ ಮಾರ್ಕ್ಸ್ ಕೊಡ್ತೈತಿ. ಅದ್ನ ನೋಡಬ್ಯಾಡ ನೀ."

ನಾನು ಅದನ್ನೇ ನೋಡಿದೆ. ಅವತ್ತಿನಿಂದ ಎರಡೂ ಕೈಯಲ್ಲಿ ಹಿಡಿದು ಬಟನ್ ಒತ್ತುವ ಆ ಕಂಟ್ರೋಲರ್ ನನ್ನ ಕೈಗೆ ಬಂತು.

ಆ ಆಟದಲ್ಲಿ ಕೊಂದರಷ್ಟೇ ಸಾಲದು, ಚಂದಾಗಿ ಹೊಡೆಯಬೇಕು. ಒಂದೇ ಏಟನ್ನು ಮತ್ತೆ ಮತ್ತೆ ಹೊಡೆದರೆ ಅಕ್ಷರ ಇಳಿಯುತ್ತದೆ. ಸುಮ್ಮನೆ ನಿಂತರೂ ಇಳಿಯುತ್ತದೆ. ಪೆಟ್ಟು ತಿಂದರೆ ದಡ್ ಅಂತ ಕೆಳಗೆ ಬೀಳುತ್ತದೆ. ಬೇರೆ ಬೇರೆ ಏಟುಗಳನ್ನು ಒಂದಕ್ಕೊಂದು ಹೆಣೆದರೆ ಡಿ ಹೋಗಿ ಸಿ, ಸಿ ಹೋಗಿ ಬಿ, ಆಮೇಲೆ ಎ, ಎಲ್ಲಕ್ಕೂ ಮೇಲೆ ಬಂಗಾರದ ಬಣ್ಣದ ಎಸ್. ಈಟಿಯಿಂದ ಒಬ್ಬನನ್ನು ಮೇಲಕ್ಕೆ ಚಿಮ್ಮಿಸಬೇಕು, ಅವನ ಹಿಂದೆಯೇ ತಾನೂ ಜಿಗಿಯಬೇಕು, ಗಾಳಿಯಲ್ಲೇ ಹೊಡೆಯುತ್ತಾ ಅವನನ್ನು ನೆಲ ಮುಟ್ಟಗೊಡಬಾರದು, ಇನ್ನೇನು ಬಿದ್ದ ಅನ್ನುವಾಗ ಸರಪಳಿ ಬೀಸಿ ದೂರ ನಿಂತವನನ್ನು ಎಳೆದುಕೊಳ್ಳಬೇಕು. ಒಂದು ಏಟು ಮುಗಿಯುವ ಮುನ್ನವೇ ಅದನ್ನು ನಡುವೆ ಕತ್ತರಿಸಿ ಇನ್ನೊಂದಕ್ಕೆ ತಿರುಗಿಸಬಹುದು. ಅದು ಕೈಗೆ ಹತ್ತಿದ ದಿನ ನಾನು ಊಟಕ್ಕೆ ಏಳಲಿಲ್ಲ.

ಈಟಿ ತಾಗಿದಾಗ ಇಡೀ ಪರದೆ ಕಣ್ಣೆವೆ ಮಿಟುಕಿಸುವಷ್ಟು ಹೊತ್ತು ನಿಲ್ಲುತ್ತದೆ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ, ಕೈಗೆ ಗೊತ್ತಾಗುತ್ತದೆ. ರೊಟ್ಟಿ ಬಡಿಯುವಾಗ ಹಿಟ್ಟು ಹದಕ್ಕೆ ಬಂದಿದೆಯೋ ಇಲ್ಲವೋ ಅಂತ ಅಂಗೈಯ ಸಪ್ಪಳದಲ್ಲೇ ತಿಳಿಯುತ್ತದಲ್ಲ, ಹಾಗೆ. ಬರೀ ಗಾಳಿಗೆ ಬೀಸಿದ್ದು, ಅಂಚಿಗೆ ತಾಗಿದ್ದು, ನಟ್ಟನಡುವೆ ಕೂತದ್ದು, ಮೂರೂ ಬೇರೆ ಬೇರೆ. ವೈರಿಗಳೂ ನ್ಯಾಯವಂತರು. ಹೊಡೆಯುವ ಮುಂಚೆ ಒಬ್ಬ ಭುಜ ಎತ್ತುತ್ತಾನೆ, ಒಬ್ಬ ಕಾಲು ಕೆರೆಯುತ್ತಾನೆ. ನೋಡಿದವರು ಉಳಿಯುತ್ತಾರೆ. ಪೆಟ್ಟು ತಿಂದರೆ ಯಾಕೆ ತಿಂದೆ ಅನ್ನುವುದು ಆ ಕ್ಷಣವೇ ಗೊತ್ತಾಗುತ್ತದೆ. ಕೋರ್ಟಿನ ಎದುರು ಕುಳಿತು ದಿನಾ ತಾರೀಖು ಮುಂದೆ ಹಾಕಿಸಿಕೊಂಡು ಹೋಗುವವರ ಮುಖ ನೋಡುವ ನನಗೆ ಅದು ಎಷ್ಟು ದೊಡ್ಡ ಸಮಾಧಾನ ಅಂತ ಬೇರೆಯವರಿಗೆ ಹೇಳುವುದು ಕಷ್ಟ.

ಮದುವೆಯಾದ ಮೇಲೆ ಮನೆಯವರೇ ನನಗೊಂದು ಹೊಸ ಮಶೀನು ತಂದುಕೊಟ್ಟರು. ಅದೇ ಆಟದ ಮುಂದಿನ ಭಾಗ ಅದರಲ್ಲಿ ಬಂತು. ಅವರು ಆಡುವವರಲ್ಲ. ತಟ್ಟೆ ಹಿಡಿದು ಪಕ್ಕದಲ್ಲಿ ಕುಳಿತು ನೋಡುತ್ತಿದ್ದರು. ನಾನು ಸಿಟ್ಟಿನಲ್ಲಿ ಮನೆಗೆ ಬಂದ ದಿನ ಆಡಿ ಮುಗಿಸುವ ತನಕ ಮಾತಾಡಿಸುತ್ತಿರಲಿಲ್ಲ. ಸಿಟ್ಟು ನನಗೆ ಬೇಗ ಬರುತ್ತದೆ. ಆಟದಲ್ಲಿ ಸಿಟ್ಟಿನಿಂದ ಬಟನ್ನು ಜಜ್ಜಿದರೆ ಡಿ ಬರುತ್ತದೆ. ಎಸ್ ಬೇಕಾದರೆ ಅದೇ ಸಿಟ್ಟನ್ನು ಹಿಡಿದು ಸಾಲಾಗಿ ನಿಲ್ಲಿಸಬೇಕು.

ಹೋದ ವರ್ಷ ಮೆಣಸಿನಕಾಯಿ ಹಂಗಾಮಿನಲ್ಲಿ ಒಂದು ಮಧ್ಯಾಹ್ನ ತಮ್ಮನನ್ನು ನೋಡಲು ಬ್ಯಾಡಗಿಗೆ ಹೋಗಿದ್ದೆ. ಆ ದಿನಗಳಲ್ಲಿ ಅಲ್ಲಿ ಸೀನದೆ ಉಸಿರಾಡಲು ಆಗುವುದಿಲ್ಲ. ರಸ್ತೆಯ ತುಂಬ ಚೀಲ ತುಂಬಿದ ಗಾಡಿಗಳು. ತವರಿನ ಸ್ಕೂಟರ್ ತೆಗೆದುಕೊಂಡು ತಮ್ಮನ ಅಂಗಡಿಯ ಮುಂದೆ ಬಂದು ನಿಲ್ಲಿಸುತ್ತಿದ್ದೆ. ಮುಂದಿದ್ದ ಪಿಕಪ್ ಗಾಡಿ ಏಕಾಏಕಿ ಹಿಂದಕ್ಕೆ ಬಂತು. ನಾನು ಕೂಗಿದೆ. ಅದು ನಿಲ್ಲಲಿಲ್ಲ. ಸ್ಕೂಟರಿನ ಹ್ಯಾಂಡಲ್ಲಿಗೂ ಗಾಡಿಯ ಹಿಂದಿನ ಕಬ್ಬಿಣದ ಬಾಗಿಲಿಗೂ ನಡುವೆ ನನ್ನ ಬಲಗೈ ಹೆಬ್ಬೆರಳು ಸಿಕ್ಕಿತು.

ಡ್ರೈವರ್ ಇಳಿದು ಬಂದು ಮೊದಲು ಹೇಳಿದ ಮಾತು: "ಹಾರ್ನ್ ಹೊಡೀಬೇಕಿತ್ತಲ್ರಿ ಅಕ್ಕಾರ."

ತಮ್ಮ ಅಂಗಡಿಯಿಂದ ಓಡಿ ಬಂದು ನನ್ನ ಕೈಯನ್ನು ತನ್ನೆರಡೂ ಕೈಗಳಲ್ಲಿ ಗಟ್ಟಿಯಾಗಿ ಒತ್ತಿ ಹಿಡಿದ. ಬೆಳಗಿನಿಂದ ಮೆಣಸಿನಕಾಯಿ ಮುಟ್ಟಿದ ಕೈ. ಹೆಬ್ಬೆರಳು ಜಜ್ಜಿದಾಗ ಕೂಗದವಳು ಅವನು ಹಿಡಿದಾಗ ಕೂಗಿದೆ. ಬಿಡೋ, ಬಿಡೋ ಅಂದರೆ ಅವನು ನನಗೆ ನೋವಿನಿಂದ ಬುದ್ಧಿ ಹೋಗಿದೆ ಅಂದುಕೊಂಡು ಇನ್ನೂ ಗಟ್ಟಿಯಾಗಿ ಹಿಡಿದ.

ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಎಲುಬು ಕೂಡಿಕೊಂಡಿತು. ಬೆರಳನ್ನು ಮಡಿಸುವ ನರ ಮಾತ್ರ ಮೊದಲಿನಂತಾಗಲಿಲ್ಲ. ಹೆಬ್ಬೆರಳಿನ ತುದಿ ಕಟ್ಟಿಗೆಯ ತುಂಡಿನ ಹಾಗೆ ನೆಟ್ಟಗೆ ನಿಂತುಬಿಟ್ಟಿತು. ಕೊನೆಯ ಸಲ ತೋರಿಸಲು ಹೋದಾಗ ಡಾಕ್ಟರು, "ಇಷ್ಟ ಉಳದದ್ದು ಪುಣ್ಯ. ನಿಮ್ಮ ಕೆಲ್ಸಕ್ಕ ಏನೂ ಅಡ್ಡಿಲ್ಲ. ಟೈಪಿಂಗಿಗೆ ಹೆಬ್ಬೆಟ್ಟು ಎಲ್ಲಿ ಬೇಕಾಗ್ತೈತ್ರಿ" ಅಂದರು.

"ನಾ ಗೇಮ್ ಆಡ್ತೀನ್ರಿ. ಅದಕ್ಕ ಬೇಕು" ಅಂದೆ.

ಅವರು ನನ್ನ ಗಂಡನ ಕಡೆ ನೋಡಿ ನಕ್ಕರು. ಇವರೂ ನಕ್ಕರು. ನನಗೆ ಆ ಕೋಣೆಯಲ್ಲಿ ಕುಳಿತುಕೊಳ್ಳಲು ಆಗಲಿಲ್ಲ, ಎದ್ದು ಹೊರಗೆ ಬಂದೆ. ಆ ಆಟದಲ್ಲಿ ಹೊಡೆಯುವ, ಜೋರಾಗಿ ಹೊಡೆಯುವ, ಜಿಗಿಯುವ, ತಪ್ಪಿಸಿಕೊಳ್ಳುವ ನಾಲ್ಕೂ ಬಟನ್ನುಗಳು ಬಲಗೈ ಹೆಬ್ಬೆರಳಿನ ಕೆಳಗೇ ಇರುತ್ತವೆ. ಅದು ಮಡಚದಿದ್ದರೆ ಆಟವೇ ಇಲ್ಲ.

ಮುಂದಿನ ತಿಂಗಳುಗಳಲ್ಲಿ ಮನೆಯಲ್ಲಿ ಎಲ್ಲರೂ ನನಗೆ ಎಲ್ಲವನ್ನೂ ಮಾಡಿಕೊಟ್ಟರು. ಅತ್ತೆ ರೊಟ್ಟಿ ಬಡಿದರು, ಪಲ್ಯ ಹೆಚ್ಚಿದರು, ನನ್ನ ತಟ್ಟೆಯಲ್ಲಿನ ರೊಟ್ಟಿಯನ್ನು ಮುರಿದು ಮುರಿದು ಇಟ್ಟರು. ಗಂಡ ನನ್ನ ಜಡೆ ಹಾಕಲು ಕಲಿತರು. ಬಾಟಲಿಯ ಮುಚ್ಚಳ ತೆಗೆಯಲು ನಾನು ಕೈ ಚಾಚುವ ಮುಂಚೆ ಯಾರಾದರೂ ತೆಗೆದಿರುತ್ತಿದ್ದರು. ಮೊದಮೊದಲು ಬೇಕಾಗಿತ್ತು. ಪಟ್ಟಿ ಬಿಚ್ಚಿದ ಮೇಲೂ ನಿಲ್ಲಲಿಲ್ಲ. "ನಾ ಮಾಡ್ತೀನಿ ಬಿಡ್ರಿ" ಅಂದರೆ, "ಇರ್ಲಿ ಬಿಡವಾ, ನಾವ ಅದೀವಲ್ಲ" ಅನ್ನುತ್ತಿದ್ದರು. ನಾನು ಮಾತು ಕಡಿಮೆ ಮಾಡಿದೆ. ಟಿವಿಯ ಹತ್ತಿರ ಹೋಗುವುದನ್ನೂ ಬಿಟ್ಟೆ.

ಒಂದು ಭಾನುವಾರ ಸಂಜೆ ಮನೆಯವರು ಮಶೀನು ಹಚ್ಚಿ, ಕಂಟ್ರೋಲರ್ ತಂದು ನನ್ನ ತೊಡೆಯ ಮೇಲಿಟ್ಟರು.

"ಆಡ್ ನೋಡು. ಹೆಬ್ಬೆಟ್ಟು ಹೆಂಗ ಬರ್ತೈತಿ ಹಂಗ ಒತ್ತು. ಆದಷ್ಟ ಆಗ್ಲಿ."

ಬೇಡ ಅಂದೆ. ಅವರು ಬಿಡಲಿಲ್ಲ. ನೆಟ್ಟಗಿನ ಹೆಬ್ಬೆರಳನ್ನೇ ಒಂದು ಬಟನ್ನಿನ ಮೇಲೆ ಇಟ್ಟು ಕೈಯನ್ನೇ ಮೇಲೆ ಕೆಳಗೆ ಮಾಡಿ ಒತ್ತಿದೆ. ನಾಯಕಿ ಈಟಿ ಬೀಸಿದಳು. ಮತ್ತೆ ಒತ್ತಿದೆ. ರಾಕ್ಷಸ ಮೇಲಕ್ಕೆ ಹಾರಿದ, ಅವಳೂ ಹಾರಿದಳು. ಮತ್ತೆ ಒತ್ತಿದೆ, ಸರಪಳಿ ಹೋಯಿತು, ಇನ್ನೊಬ್ಬ ಬಂದ, ಇಬ್ಬರೂ ಗಾಳಿಯಲ್ಲಿ. ಮೂಲೆಯಲ್ಲಿ ಬಿ ಬಂತು, ಎ ಬಂತು, ಎಸ್ ಬಂತು. ನಾನು ನಕ್ಕೆ. ಅಷ್ಟು ದಿನ ಮುಚ್ಚಿದ್ದ ಬಾಯಿ ತೆರೆದು ನಕ್ಕೆ. ಅಡುಗೆಮನೆಯಿಂದ ಅತ್ತೆ ಹೊರಗೆ ಬಂದು ಬಾಗಿಲಲ್ಲಿ ನಿಂತರು. ಕೈಗೆ ಇನ್ನೂ ಎಲ್ಲ ನೆನಪಿದೆ, ಬೆರಳು ಸತ್ತರೂ ಕೈ ಸತ್ತಿಲ್ಲ ಅಂದುಕೊಂಡೆ.

ಆಮೇಲೆ ಒಬ್ಬ ರಾಕ್ಷಸ ಎಡಗಡೆ ಭುಜ ಎತ್ತಿದ. ಪಕ್ಕಕ್ಕೆ ತಪ್ಪಿಸಿಕೊಳ್ಳಬೇಕು. ನನ್ನ ಹೆಬ್ಬೆರಳು ಆ ಬಟನ್ನಿನ ತನಕ ಹೋಗಲಿಲ್ಲ, ಹೊಡೆಯುವ ಬಟನ್ನಿನ ಮೇಲೇ ಇತ್ತು. ಆದರೂ ಅವಳು ತಪ್ಪಿಸಿಕೊಂಡಳು. ಚಂದಾಗಿ, ಕೊನೆಯ ಗಳಿಗೆಯಲ್ಲಿ, ನಾನು ನನ್ನ ಒಳ್ಳೆಯ ದಿನಗಳಲ್ಲಿ ತಪ್ಪಿಸಿಕೊಳ್ಳುತ್ತಿದ್ದ ಹಾಗೆಯೇ.

ನಾನು ಸುಮ್ಮನೆ ಅದೊಂದೇ ಬಟನ್ನನ್ನು ತಾಳವಿಲ್ಲದೆ, ನೋಡದೆ, ಟಪಟಪ ಒತ್ತಿದೆ. ಅವಳು ಕುಣಿದಳು. ಎಸ್ ಅಲುಗಾಡಲಿಲ್ಲ.

"ಏನ್ ಮಾಡೀರಿ ಇದಕ್ಕ" ಅಂದೆ.

ಅವರು ನನ್ನ ಕಡೆ ತಿರುಗಿದರು. "ಅದರಾಗ ಒಂದು ಸೆಟ್ಟಿಂಗ್ ಇರ್ತೈತಂತ. ಒಂದ ಬಟನ್ ಒತ್ತಿದ್ರ ಉಳದದ್ದೆಲ್ಲಾ ತಾನ ಮಾಡ್ತೈತಿ. ನಿನ್ನ ತಮ್ಮಗ ಫೋನ್ ಮಾಡಿ ಕೇಳಿ ಹಚ್ಚೀನಿ."

"ನನ್ನ ಕೇಳಲಾರ್ದ?"

"ಕೇಳಿದ್ರ ನೀ ಬ್ಯಾಡ ಅಂತಿದ್ದಿ. ಈಗ ನಕ್ಕಿ ಹೌದಿಲ್ಲೋ? ಎಷ್ಟ ದಿನದ ಮ್ಯಾಲೆ ನಕ್ಕಿ."

"ನಗಸ್ಯಾಡಿದಿ ನನ್ನ. ನಾ ಹೊಡೀಲಿಲ್ಲ, ನಾ ಜಿಗೀಲಿಲ್ಲ, ನಾ ಏನೂ ಮಾಡ್ಲಿಲ್ಲ. ಹೊಡದೀನಿ ಅಂತ ತಿಳ್ಕೊಂಡು ಹಲ್ಲ ಕಿಸದೆ. ನೀ ಬಾಜೂಕ ಕುಂತು ನೋಡಿದಿ."

ಮದುವೆಯಾದ ಮೇಲೆ ಮೊದಲ ಸಲ ಅವರಿಗೆ ನೀ ಅಂದಿದ್ದೆ. ಅತ್ತೆಗೆ ಅದು ಕೇಳಿಸಿತು. "ಏನ್ ಮಾತದು, ಗಂಡಗ" ಅಂದರು. ನಾನು ಅವರಿಗೂ ತಿರುಗಿ ಬಿದ್ದೆ. ರೊಟ್ಟಿ ಮುರಿದಿಡುವುದರಿಂದ ಹಿಡಿದು ಬಾಟಲಿ ಮುಚ್ಚಳದ ತನಕ ಎಲ್ಲ ಹೇಳಿದೆ. ಅತ್ತೆ ಒಳಗೆ ಹೋದರು. ಮನೆಯವರು "ಹೋಗ್ಲಿ ಬಿಡು, ತಗೀತೀನಿ ಅದ್ನ" ಅಂತ ಕಂಟ್ರೋಲರಿಗೆ ಕೈ ಚಾಚಿದರು. ಅದೂ ನಾನೇ ತೆಗೆಯಬಹುದಾಗಿದ್ದ ಸೆಟ್ಟಿಂಗು.

ಮರುದಿನ ಅಂಗಡಿ ತೆರೆಯಲಿಲ್ಲ. ಮಶೀನನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ ಬ್ಯಾಡಗಿಗೆ ಹೋದೆ. ತಮ್ಮ ಅಂಗಡಿಯಲ್ಲಿ ಚೀಲಗಳ ನಡುವೆ ನಿಂತಿದ್ದ. ಚಹಾ ತರಿಸುತ್ತೇನೆ ಅಂದ. ಬೇಡ ಅಂದೆ.

"ಆ ಸೆಟ್ಟಿಂಗ್ ಹೇಳಿಕೊಟ್ಟಾಂವ ನೀ ಹೌದಿಲ್ಲೋ?"

"ಮಾವ ಕೇಳಿದ್ರು, ಹೇಳಿದೆ. ಅದರಾಗೇನ್ ತಪ್ಪೈತಕ್ಕ? ಬರಲಾರದವ್ರು ಆಡ್ಲಿ ಅಂತನ ಅದನ್ನ ಇಟ್ಟಿರ್ತಾರ. ನಾನೂ ಅದರಾಗ ಆಡಿ ಮುಗಿಸೀನಿ. ಕೋಟೆ ದಾಟಿದೆ, ಗೆದ್ದೆ, ಆತು."

"ಬರಲಾರದವ್ರು ಆಡ್ಲಿ, ನಾ ಬ್ಯಾಡ ಅನ್ನಾಕತ್ತಿಲ್ಲ. ನನಗ ಬರ್ತೈತಿ."

"ಬರ್ತಿತ್ತು" ಅಂದ.

ಅವನ ಬಾಯಿಂದ ಆ ಮಾತು ಬಂದದ್ದೇ ಅದು ತಪ್ಪಾಯಿತು ಅಂತ ಅವನಿಗೂ ಗೊತ್ತಾಯಿತು. ನಾನು ಕುಳಿತಲ್ಲಿಂದ ಏಳಲಿಲ್ಲ. ಸುತ್ತಲೂ ಮೆಣಸಿನಕಾಯಿಯ ಘಾಟು. ಹೇಳಬೇಕಾದ್ದನ್ನು ನಾನು ಕೆಮ್ಮುತ್ತಲೇ ಹೇಳಿದೆ. ಕೋಟೆ ದಾಟುವುದಕ್ಕೆ ನಾನು ಯಾವತ್ತೂ ಆಡಿದವಳಲ್ಲ. ಅದೇ ಕೋಟೆಯ ಅದೇ ಅಂಗಳಕ್ಕೆ ನೂರಾರು ಸಲ ಹೋಗಿದ್ದೇನೆ. ಹೀಗೆ ಮಾಡಬೇಕು ಅಂತ ಮನಸ್ಸಿನಲ್ಲಿ ಅಂದುಕೊಂಡದ್ದು ಕೈಗೆ ಬಂದು, ಕೈಯಿಂದ ಪರದೆಗೆ ಹೋಗಿ, ನಾನು ಅಂದುಕೊಂಡ ಹಾಗೆಯೇ ಆಗುತ್ತದಲ್ಲ, ಅದಕ್ಕೆ ಹೋಗಿದ್ದೇನೆ. ಆಗದಿದ್ದರೆ ಯಾಕೆ ಆಗಲಿಲ್ಲ ಅಂತ ಅದು ತೋರಿಸುತ್ತದಲ್ಲ, ಅದಕ್ಕೆ ಹೋಗಿದ್ದೇನೆ. ನಡುವಿನದ್ದನ್ನು ತೆಗೆದುಹಾಕಿ ಬರೀ ಎಸ್ ಅಕ್ಷರವನ್ನು ಕೈಯಲ್ಲಿಟ್ಟರೆ ನಾನು ಅದನ್ನು ಏನು ಮಾಡಲಿ.

ತಮ್ಮ ಕೇಳಿಸಿಕೊಂಡ. ಆಮೇಲೆ ಅವನಿಗೂ ಸಿಟ್ಟು ಬಂತು.

"ನೀ ಮೂರು ತಿಂಗಳಿಂದ ಮನ್ಯಾಗ ಒಂದ ಮಾತಾಡಿಲ್ಲಂತ. ಮಾವ ಫೋನಿನಾಗ ಅತ್ರು, ಗೊತ್ತೇನ ನಿನಗ? ಅವ್ರಿಗೆ ಏನ್ ತಿಳೀಬೇಕು ಈ ಆಟದ್ದು? ನಿನ್ನ ಮುಖದ ಮ್ಯಾಲೆ ಒಂಚೂರು ನಗಿ ಬರ್ಲಿ ಅಂತ ಮಾಡ್ಯಾರ. ಈಗ ನಿನಗ ಸಿಟ್ಟ್ ಬಂದೈತಿ ಅಂತ ಎಲ್ಲಾರೂ ತಪ್ಪಿತಸ್ಥರು."

ನನ್ನ ಸಿಟ್ಟು ಹೋಗಲಿಲ್ಲ. ಅವನ ಮಾತು ಖರೇ, ನನ್ನದೂ ಖರೇ ಅನ್ನುವುದು ಸಿಟ್ಟನ್ನು ಇನ್ನೂ ಹೆಚ್ಚಿಸಿತು.

ನಾಲ್ಕು ದಿನ ತವರಲ್ಲೇ ಉಳಿದೆ. ಹಗಲು ತಮ್ಮ ಅಂಗಡಿಗೆ ಹೋದ ಮೇಲೆ ಮನೆಯ ಟಿವಿಗೆ ಮಶೀನು ಜೋಡಿಸಿದೆ. ಆ ಸೆಟ್ಟಿಂಗ್ ತೆಗೆದುಹಾಕಿದೆ. ಮೊದಲ ಅಂಗಳದ ಮೊದಲ ರಾಕ್ಷಸ ನನ್ನನ್ನು ಕೊಂದ. ಮತ್ತೆ ಕೊಂದ. ಹೆಬ್ಬೆರಳು ಒಂದು ಬಟನ್ನಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಅವನು ಎರಡು ಸಲ ಹೊಡೆದಿರುತ್ತಿದ್ದ. ಕೈ ಬೆವರಿತು, ಗಾಯದ ಗುರುತಿನ ಹತ್ತಿರ ಸಿಡಿಯತೊಡಗಿತು. ಕೊನೆಗೆ ರೋಸಿಹೋಗಿ ಕಂಟ್ರೋಲರನ್ನು ತೊಡೆಯ ಮೇಲೆ ಚೆಲ್ಲಿ, ಮೊಬೈಲಿನಲ್ಲಿ ನಂಬರು ಒತ್ತುವವರ ಹಾಗೆ ತೋರುಬೆರಳಿನಿಂದ ಬಟನ್ನನ್ನು ಕುಟ್ಟಿದೆ. ಬೈಗುಳದ ಬದಲಿಗೆ ಕುಟ್ಟಿದ್ದು. ಆದರೆ ಏಟು ಸರಿಯಾದ ಹೊತ್ತಿಗೆ ಬಿತ್ತು.

ತೋರುಬೆರಳಿಗೆ ಏನೂ ಆಗಿರಲಿಲ್ಲ. ಕಂಟ್ರೋಲರನ್ನು ಎತ್ತಿಕೊಂಡು, ಸತ್ತ ಹೆಬ್ಬೆರಳನ್ನು ಕೆಳಗೆ ಊರುಗೋಲಿನ ಹಾಗೆ ಕೊಟ್ಟು, ತೋರುಬೆರಳನ್ನು ಮೇಲಿನಿಂದ ಕೊಕ್ಕಿನ ಹಾಗೆ ಬಾಗಿಸಿ ಬಟನ್ನುಗಳ ಮೇಲೆ ತಂದೆ. ಕೈ ವಿಕಾರವಾಗಿ ಕಂಡಿತು. ಜಿಗಿಯುವುದನ್ನು ಕಂಟ್ರೋಲರಿನ ನೆತ್ತಿಯ ಮೇಲಿನ ಬಟನ್ನಿಗೆ ಬದಲಿಸಿ ನಡುಬೆರಳಿಗೆ ಕೊಟ್ಟೆ. ಅದೂ ಸೆಟ್ಟಿಂಗೇ. ಆದರೆ ಜಿಗಿ ಅಂತ ನಾನು ಹೇಳಿದಾಗ ಮಾತ್ರ ಅವಳು ಜಿಗಿಯುತ್ತಾಳೆ, ಹೇಳದಿದ್ದರೆ ಇಲ್ಲ. ನನಗೆ ಬೇಕಾಗಿದ್ದದ್ದು ಅಷ್ಟೇ.

ಎರಡನೆಯ ದಿನ ಮೊದಲ ಅಂಗಳ ದಾಟಿದೆ. ಡಿ ಬಂತು. ತಮ್ಮ ಜಿಗಿದು ಚುಚ್ಚಿ ತೆಗೆದುಕೊಳ್ಳುತ್ತಿದ್ದ ಅದೇ ಬೂದಿ ಬಣ್ಣದ ಡಿ. ಅದು ನನ್ನದಾಗಿತ್ತು. ಸಂಜೆ ತಮ್ಮ ಬಂದು ಹಿಂದೆ ನಿಂತು ನೋಡಿದ. ನನ್ನ ಕೈ ನೋಡಿ, "ಏಡಿ ಆಗೀದಿ" ಅಂದ. ಆ ಮಾತಿನಲ್ಲಿ ಕನಿಕರ ಇರಲಿಲ್ಲ. ಅವನ ಜೊತೆ ಮಾತು ಮತ್ತೆ ಶುರುವಾಯಿತು.

ರಾಣೆಬೆನ್ನೂರಿಗೆ ವಾಪಸ್ ಬಂದಾಗ ಅತ್ತೆಯ ಕಾಲಿಗೆ ಬಿದ್ದೆ. ಅವರು "ಸಿಟ್ಟ್ ನಿನ್ನ ಮೂಗಿನ ಮ್ಯಾಲ ಐತಿ, ನನಗೇನ್ ಹೊಸದಲ್ಲ" ಅಂದರು. ಅವತ್ತು ನನ್ನ ತಟ್ಟೆಯಲ್ಲಿ ರೊಟ್ಟಿ ಇಡೀ ಇತ್ತು. ಮುರಿಯಲು ನನಗೆ ಹೊತ್ತು ಹಿಡಿಯಿತು. ಅವರು ಬೇರೆ ಕಡೆ ನೋಡುತ್ತಾ ಊಟ ಮಾಡಿದರು.

ಅಂಗಡಿಯಲ್ಲಿ ಬೇರೆಯದೇ ಜಗಳ ಕಾದಿತ್ತು. ಹೆಬ್ಬೆರಳಿಂದ ಟೈಪಿಂಗಿಗೆ ಅಡ್ಡಿಯಿಲ್ಲ ಅಂದಿದ್ದ ಡಾಕ್ಟರು ಯಾವತ್ತೂ ಟೈಪ್ ಮಾಡಿರಲಿಕ್ಕಿಲ್ಲ. ಪದದಿಂದ ಪದಕ್ಕೆ ಜಾಗ ಬಿಡುವುದು ಬಲ ಹೆಬ್ಬೆರಳಿನ ಕೆಲಸ. ಎಡಗೈಗೆ ಅದನ್ನು ಕಲಿಸುತ್ತಿದ್ದೆ, ಪದಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ನನ್ನ ಹಳೆಯ ಗಿರಾಕಿ ವಕೀಲರೊಬ್ಬರು, ಹಿರಿಯರು, ಒಂದೊಂದೇ ಪದ ಬಿಡಿಸಿ ಬಿಡಿಸಿ, ಮಕ್ಕಳಿಗೆ ಹೇಳುವ ಹಾಗೆ ಹೇಳತೊಡಗಿದರು. ನಾನು ತಡೆದುಕೊಂಡೆ. ಒಂದು ಪುಟ ಮುಗಿಯಿತು. ಎರಡನೆಯ ಪುಟಕ್ಕೆ ಕೈ ಕೀಲಿಮಣೆಯಿಂದ ತೆಗೆದೆ.

"ವಕೀಲ್ರ, ಮೊದ್ಲಿನಂಗ ಲಗೂ ಹೇಳ್ರಿ."

"ಇರ್ಲಿ ತಾಯಿ, ನಿನ್ನ ಕೈ..."

"ಕೈ ನಂದೈತ್ರಿ. ಹಿಂದ ಬಿದ್ರ ನಿಲ್ರಿ ಅಂತೀನಿ. ನೀವ ಹಿಂಗ ಹೇಳಿದ್ರ ನಾ ಎಲ್ಲಿದ್ದೀನಿ ಅಂತ ನನಗ ತಿಳ್ಯಂಗಿಲ್ಲ."

ಅವರು ಮುಖ ಸಣ್ಣ ಮಾಡಿಕೊಂಡರು. ಆದರೆ ಲಗೂ ಹೇಳಿದರು. ನಾನು ಮೂರನೆಯ ಸಾಲಿಗೇ ನಿಲ್ರಿ ಅಂದೆ. ನಿಂತರು. ಹಾಗೆ ನಿಂತು, ಹೊರಟು, ಮಧ್ಯಾಹ್ನದ ಹೊತ್ತಿಗೆ ತಕರಾರು ಅರ್ಜಿ ಮುಗಿಸಿದೆವು. ಮರುವಾರ ಅವರು ಬರಲಿಲ್ಲ. ಪಕ್ಕದ ಅಂಗಡಿಯಲ್ಲಿ ಕುಳಿತದ್ದು ಕಂಡಿತು. ಅದರ ಮುಂದಿನ ವಾರ ಬಂದರು, ಏನೂ ಆಗಿಲ್ಲವೆಂಬಂತೆ, ಪೂರಾ ವೇಗದಲ್ಲಿ.

ಮನೆಯವರ ಜೊತೆ ಮಾತ್ರ ಸರಿಹೋಗಿರಲಿಲ್ಲ. ಮತ್ತೆ ನೀವು ಅನ್ನುತ್ತಿದ್ದೆ, ಆದರೆ ಅದು ಬಾಗಿಲಲ್ಲಿ ನಿಂತ ಅಪರಿಚಿತರಿಗೆ ಅನ್ನುವ ನೀವು. ಒಂದು ಸಂಜೆ ನಾನು ಏಡಿಯ ಕೈಯಲ್ಲಿ ಆಡುತ್ತಿದ್ದಾಗ ಪಕ್ಕದಲ್ಲಿ ಬಂದು ಕುಳಿತರು. ಬಹಳ ಹೊತ್ತು ನೋಡಿದರು.

"ಒಂದು ಕೇಳ್ಲಿ? ಸಿಟ್ಟಾಗಬ್ಯಾಡ. ಆ ದಿನ ಎಸ್ ಬಂದಾಗ ಅಷ್ಟ ಬೈದಿ, ಇವತ್ತ ಸಿ ಬಂದ್ರ ಸುಮ್ಕಿದ್ದಿ. ನನಗ ಫರಕ್ ತಿಳೀವಲ್ದು."

ಬಾಯಿಂದ ಹೇಳುವ ಉತ್ಸಾಹ ನನಗಿರಲಿಲ್ಲ. ಕಂಟ್ರೋಲರನ್ನು ಅವರ ಕೈಗೆ ಕೊಟ್ಟೆ. "ಆಡ್ರಿ" ಅಂದೆ.

ಸತ್ತರು. ಮತ್ತೆ ಸತ್ತರು. ನಾನು ಏನೂ ಹೇಳಿಕೊಡಲಿಲ್ಲ. ಹೊಲದಲ್ಲಿ ರೈತರು ಬೈದರೂ ನಗುವ ಮನುಷ್ಯ, ಕೂತಲ್ಲೇ ಮುಂದಕ್ಕೆ ಬಾಗಿದರು. ಕುತ್ತಿಗೆ ಕೆಂಪಾಯಿತು.

"ಏನ್ ಆಟಲೇ ಇದು. ನಾ ಒತ್ತೀನಿ. ಒತ್ತೀನಿ ನಾ."

"ತಡಾ ಒತ್ತೀರಿ. ಅಂವ ಭುಜಾ ಎತ್ತಿದ್ದ ನೋಡ್ಲಿಲ್ಲ ನೀವು."

"ಎಲ್ಲಿ ಎತ್ತಿದ?"

"ನೋಡ್ರಿ ಈಗ."

ಅವನು ಭುಜ ಎತ್ತಿದ. ಇವರು ನೋಡಿದರು, ಒತ್ತಿದರು, ನಾಯಕಿ ಪಕ್ಕಕ್ಕೆ ಜಾರಿದಳು. ರಾಕ್ಷಸನ ಏಟು ಬರೀ ನೆಲಕ್ಕೆ ಬಿತ್ತು. ಆ ಆಟದಲ್ಲಿ ಹಾಗೆ ಕೊನೆಯ ಗಳಿಗೆಯಲ್ಲಿ ತಪ್ಪಿಸಿಕೊಂಡರೆ ಕಾಲವೇ ನಿಧಾನವಾಗುತ್ತದೆ. ರಾಕ್ಷಸ ಬಿಟ್ಟ ಬಾಯಿ ಬಿಟ್ಟಂತೆ ನಿಲ್ಲುತ್ತಾನೆ, ನಮಗೆ ಹೊಡೆಯಲು ಬಿಡುವು ಸಿಗುತ್ತದೆ. ಇವರು ಹೊಡೆಯುವುದನ್ನೇ ಮರೆತು ಟಿವಿ ನೋಡುತ್ತಾ ಕುಳಿತುಬಿಟ್ಟರು. ಬಿಡುವು ಮುಗಿದು ರಾಕ್ಷಸ ಅವರನ್ನು ಕೊಂದ.

"ಅದು ನಾ ಮಾಡಿದ್ದು" ಅಂದರು.

"ಹೌದ್ರಿ."

ಕಂಟ್ರೋಲರನ್ನು ಮೆಲ್ಲಗೆ ಕೆಳಗಿಟ್ಟರು. "ನಿನ್ನ ಕೇಳಬೇಕಿತ್ತು ನಾ" ಅಂದರು. ಹ್ಞೂಂ ಅಂದೆ. ಅವತ್ತು ಪೂರಾ ಕ್ಷಮಿಸಿದೆ ಅಂತ ಬರೆದರೆ ಸುಳ್ಳಾಗುತ್ತದೆ. ಈಗಲೂ ಯಾವುದೋ ಮಾತಿಗೆ ಆ ಬಂಗಾರದ ಅಕ್ಷರ ಕಣ್ಣ ಮುಂದೆ ಬರುತ್ತದೆ, ಬಂದಾಗ ನಾನು ಎದ್ದು ಹಿತ್ತಲಿಗೆ ಹೋಗುತ್ತೇನೆ. ಗಾಡಿ ಹಿಂದಕ್ಕೆ ಬಿಟ್ಟವನ ಮೇಲೂ, ನಕ್ಕ ಡಾಕ್ಟರ ಮೇಲೂ ಸಿಟ್ಟಿದೆ. ಹೆಬ್ಬೆರಳು ನೆಟ್ಟಗೆ ಇರುವ ತನಕ ಅದೂ ಇರುತ್ತದೆ.

ಕೋಟೆಯ ನಾಲ್ಕನೆಯ ಬಾಗಿಲಲ್ಲಿ ಎರಡು ಗುರಾಣಿ ಹಿಡಿದ ಕಾವಲುಗಾರನಿದ್ದಾನೆ. ಕೈ ಚೆನ್ನಾಗಿದ್ದಾಗಲೂ ಅವನು ನನಗೆ ಕಷ್ಟವೇ. ಭಾರದವನು, ಮೇಲಕ್ಕೆ ಚಿಮ್ಮುವುದಿಲ್ಲ. ಅವನ ಏಟನ್ನು ನಮ್ಮ ಈಟಿಯಿಂದಲೇ ಎದುರಿಸಿ ತಿರುಗಿಸಬೇಕು, ಆಗ ಗುರಾಣಿ ತೆರೆಯುತ್ತದೆ. ಮೊನ್ನೆ ಶನಿವಾರ ಕೋರ್ಟಿಗೆ ರಜೆ ಇತ್ತು. ಅತ್ತೆ ಪಕ್ಕದ ಮನೆಗೆ ಶಾವಿಗೆ ಹೊಸೆಯಲು ಹೋಗಿದ್ದರು. ಮಧ್ಯಾಹ್ನ ಒಬ್ಬಳೇ ಕುಳಿತು ಅವನ ಎದುರು ನಿಂತೆ. ಎಡಗಾಲು ಮುಂದಿಟ್ಟರೆ ಮೇಲಿನಿಂದ ಹೊಡೆಯುತ್ತಾನೆ, ಬಲಗಾಲು ಇಟ್ಟರೆ ಅಡ್ಡಡ್ಡ. ಎಡಗಾಲು, ತಿರುಗಿಸಿದೆ. ತೆರೆದ ಎದೆಗೆ ಈಟಿ, ಸರಪಳಿ, ಈಟಿಯನ್ನು ನಡುವೆ ಕತ್ತರಿಸಿ ಮತ್ತೆ ಸರಪಳಿ. ಬಲಗಾಲು, ತಿರುಗಿಸಿದೆ. ತೋರುಬೆರಳು ತಾನಾಗಿಯೇ ಹೋಗುತ್ತಿತ್ತು, ನಾನು ಅದನ್ನು ನೋಡುವುದನ್ನು ಬಿಟ್ಟಿದ್ದೆ. ಬಹಳ ದಿನಗಳ ಮೇಲೆ ಬರೀ ಅವನ ಕಾಲುಗಳನ್ನು ನೋಡುತ್ತಿದ್ದೆ.

ಬಿದ್ದ. ಮೂಲೆಯಲ್ಲಿ ಬಿ ಬಂತು.

ಮಣಿಕಟ್ಟು ಸಿಡಿಯುತ್ತಿತ್ತು. ಬಿಸಿನೀರಿನಲ್ಲಿ ಕೈ ಇಳಿಬಿಟ್ಟು ಕುಳಿತಿದ್ದಾಗ ಮನೆಯವರ ಫೋನು ಬಂತು. ಗಳಗನಾಥದ ಕಡೆಯ ಯಾವುದೋ ಹೊಲದಲ್ಲಿದ್ದರು. ಹಿಂದೆ ಪಂಪಿನ ಸಪ್ಪಳ ಕೇಳುತ್ತಿತ್ತು. ಊಟಕ್ಕೆ ತಡವಾಗುತ್ತದೆ ಅಂತ ಹೇಳಲು ಮಾಡಿದ್ದರು.

"ಗುರಾಣಿಯಾಂವ ಬಿದ್ದ. ಬಿ ಬಂತು" ಅಂದೆ.

ಶಾಬಾಸ್ ಅನ್ನುತ್ತಾರೆ ಅಂದುಕೊಂಡೆ. ಹಾಗೆ ಅಂದದ್ದೇ ಆದರೆ ಫೋನು ಇಟ್ಟುಬಿಡಬೇಕು ಅಂತಲೂ ಅಂದುಕೊಂಡಿದ್ದೆ.

"ಯಾಕ ಬಿ? ಎಲ್ಲಿ ತಪ್ಪಿದ್ದಿ?" ಅಂದರು.

ಒದ್ದೆ ಕೈಯಲ್ಲೇ ಫೋನನ್ನು ಕಿವಿಗೆ ಒತ್ತಿಕೊಂಡು ಹೇಳತೊಡಗಿದೆ. ಮೂರನೆಯ ಸಲ ಬಲಗಾಲು ಇಟ್ಟಾಗ ಅವಸರ ಮಾಡಿದ್ದು, ಸರಪಳಿಯನ್ನು ಎರಡು ಸಲ ಸಾಲಾಗಿ ಬಳಸಿದ್ದು, ಅದರಿಂದ ಅಕ್ಷರ ಇಳಿದದ್ದು. ಅವರು ಹ್ಞೂಂ, ಹ್ಞೂಂ ಅನ್ನುತ್ತಿದ್ದರು. ನಡುವೆ ಒಮ್ಮೆ ಯಾರಿಗೋ "ತಡೀರಿ, ಬಂದೆ" ಅಂದದ್ದು ಕೇಳಿಸಿತು. ಹೋಗಲಿಲ್ಲ, ಹೊಲದಲ್ಲಿ ನಿಂತೇ ಕೇಳಿದರು. ನೀರು ಆರಿಹೋಗುವ ತನಕ ನಾನು ಹೇಳುತ್ತಲೇ ಇದ್ದೆ.